ಕರ್ಪೂರ ಆರಿಸಿದ ಕೈ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದಿದ್ದೇನೆ. ಮೊದಲು ಯುಗಾದಿ ಮುಗಿಯಲಿ ಅಂದೆ. ಆಮೇಲೆ ಬಿಸಿಲು ಇಳಿಯಲಿ ಅಂದೆ. ಬಳ್ಳಾರಿಯಲ್ಲಿ ಬಿಸಿಲು ಇಳಿಯುವುದನ್ನು ಕಾಯುವವನಿಗೆ ಕೆಲಸ ಮಾಡುವ ಮನಸ್ಸೇ ಇಲ್ಲ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಕೊನೆಗೆ ಕಣ್ಣಿನ ಪೊರೆ ತೆಗೆಸಿಕೊಂಡ ಮೇಲೆ ಬರೆಯುತ್ತೇನೆ ಅಂದೆ. ಅದೂ ಆಗಿ ನಾಲ್ಕು ತಿಂಗಳಾಯಿತು. ಈಗ ಅಕ್ಷರಗಳು ಚೆನ್ನಾಗಿಯೇ ಕಾಣುತ್ತವೆ.

ನಾನು ಹತ್ತನೇ ಕ್ಲಾಸು ಓದಿದವನು. ಬ್ರೂಸ್‌ಪೇಟೆಯ ಒಂದು ಓಣಿಯಲ್ಲಿ ಬಹಳ ವರ್ಷ ಕ್ಯಾಸೆಟ್ ಅಂಗಡಿ ಇಟ್ಟಿದ್ದೆ. ಮೊದಲು ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಕಂಪ್ಯೂಟರ್ ತಂದ ಮೇಲೆ ಕ್ಯಾಸೆಟ್ಟಿನಿಂದ ಸಿಡಿಗೆ ಹಾಡು ಇಳಿಸಿಕೊಡುವುದು ನನ್ನ ಕೆಲಸ. ಭಜನೆ, ಬಯಲಾಟ, ಮದುವೆಯ ಬ್ಯಾಂಡು, ಪುರಾಣ, ಯಾರದೋ ಮಗುವಿನ ಮೊದಲ ಮಾತು, ಎಲ್ಲವೂ ನನ್ನ ಕೈಯಿಂದ ದಾಟಿವೆ. ಎಲ್ಲರ ಕೈಗೂ ಮೊಬೈಲ್ ಬಂದಾಗ ಅಂಗಡಿ ಮುಚ್ಚಿ, ಕಂಪ್ಯೂಟರನ್ನೂ ಉಳಿದ ಮುನ್ನೂರು ಚಿಲ್ಲರೆ ಸಿಡಿಗಳನ್ನೂ ಕಂಟೋನ್ಮೆಂಟಿನ ಮನೆಗೆ ತಂದು ಹಜಾರದಲ್ಲಿಟ್ಟೆ.

ನನ್ನ ತಾಯಿ ಕುರುಗೋಡಿನವಳು. ಮದುವೆ ಮನೆಗಳಲ್ಲಿ ಸುರಗಿ ಸುತ್ತುವಾಗ, ಅಂದರೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ನೂಲು ಸುತ್ತಿ, ನಡುವೆ ಕೂತವರಿಗೆ ಎಣ್ಣೆ ಅರಿಷಿಣ ಹಚ್ಚುವಾಗ, ಸೋಬಾನೆ ಹಾಡಲು ಆಕೆಯನ್ನು ಹತ್ತಾರು ಊರಿನಿಂದ ಕರೆಯುತ್ತಿದ್ದರು. ಸೋಬಾನೆಗೆ ಎರಡು ದನಿ ಬೇಕು. ಒಬ್ಬಳು ಸಾಲು ಎತ್ತಿದರೆ ಇನ್ನೊಬ್ಬಳು ಅದನ್ನು ಹಿಡಿದು ಮುಗಿಸಬೇಕು. ನನ್ನ ತಮ್ಮನಿಗೆ ಸಿರುಗುಪ್ಪದ ಹುಡುಗಿಯನ್ನು ತಂದ ಮೇಲೆ ತಾಯಿಗೆ ಆ ಎರಡನೆಯ ದನಿ ಸಿಕ್ಕಿತು. ತಾಯಿಯ ದನಿ ದಪ್ಪ, ಸ್ವಲ್ಪ ಒರಟು. ತಮ್ಮನ ಹೆಂಡತಿಯದು ತೆಳು, ಆದರೆ ಎಳೆದಷ್ಟೂ ಬರುತ್ತಿತ್ತು.

ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಅಣ್ಣನಾದವನು ತಮ್ಮನ ಹೆಂಡತಿಯ ಜೊತೆ ನೇರವಾಗಿ ಮಾತಾಡುವಂತಿಲ್ಲ. ಎದುರಿಗೇ ನಿಂತಿದ್ದರೂ ನಡುವೆ ಒಬ್ಬರು ಬೇಕು. 'ನೀರು ಕೊಡಬೇಕಂತ ಹೇಳು' ಎಂದು ಹೆಂಡತಿಗೋ ತಾಯಿಗೋ ಹೇಳಬೇಕು. ಆಕೆ ಕೇಳಿಸಿಕೊಂಡು ನೀರು ತರಬೇಕು. ಈಗ ಯಾರೂ ಇದನ್ನು ಪಾಲಿಸುವುದಿಲ್ಲ, ನಮ್ಮಲ್ಲಿ ಉಳಿದಿತ್ತು. ತಮ್ಮ ಸಂಸಾರ ಹೂಡಿದ್ದು ಸಿರುಗುಪ್ಪದಲ್ಲೇ. ಒಮ್ಮೆ ತಾಯಿಯನ್ನು ಕರೆದುಕೊಂಡು ಅಲ್ಲಿಗೆ ಹೋದಾಗ ಯಾರೂ ಕಾಣದೆ ನಾನು ಹೊಸ್ತಿಲ ಮೇಲೆ ಮಲಗಿದ್ದ ಬೆಕ್ಕಿನ ಕಡೆ ತಿರುಗಿ, "ಕುಡಿಯಾಕ ನೀರು ಬೇಕಾಗಿತ್ತು" ಎಂದೆ. ತಾಯಿ ಒಳಗಿನಿಂದಲೇ, "ಬೆಕ್ಕು ತರಾಕ ಹೋಗೈತಿ, ಕುಂದ್ರು" ಎಂದಳು. ಅಡಿಗೆಮನೆಯಲ್ಲಿ ತಮ್ಮನ ಹೆಂಡತಿ ನಕ್ಕಿದ್ದು ಕೇಳಿಸಿತು. ಆಗ ನನಗೂ ನಗು ಬಂತು.

ಅದೇ ಸಲ ಮಧ್ಯಾಹ್ನ ಅತ್ತೆ ಸೊಸೆ ಬೀಸುವ ಕಲ್ಲಿನ ಎದುರು ಕೂತು ಹಾಡಿದ್ದನ್ನು ಟೇಪಿನಲ್ಲಿ ಹಿಡಿದೆ. ಬಳ್ಳಾರಿಗೆ ಬಂದು ಒಂದು ಸಿಡಿ ಮಾಡಿ, ಅದರ ಮೇಲೆ ಕಪ್ಪು ಮಾರ್ಕರಿನಲ್ಲಿ 'ಅವ್ವ' ಎಂದು ಬರೆದೆ. ಮರುವಾರ ಆ ಕ್ಯಾಸೆಟ್ಟಿನ ಮೇಲೆ ಯಾರಿಗೋ ಮದುವೆ ಬ್ಯಾಂಡು ತುಂಬಿಕೊಟ್ಟೆ. ಅಂಗಡಿಯ ರೂಢಿ ಅದು. ಸಿಡಿ ಆದ ಮೇಲೆ ಕ್ಯಾಸೆಟ್ ಖಾಲಿ ಎಂದೇ ತಿಳಿಯುತ್ತಿದ್ದೆವು. ತಾಯಿಯ ದನಿಯನ್ನು ಅಳಿಸಿದ್ದೇನೆ ಎಂದು ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ತಮ್ಮನ ಹೆಂಡತಿ ಆ ಸಿಡಿಯ ಒಂದು ಪ್ರತಿ ಕೇಳಿದ್ದಳು. ಒಂದಲ್ಲ, ಮೂರು ಸಲ, ನನ್ನ ಹೆಂಡತಿಯ ಮೂಲಕ. ಮೂರು ಸಲವೂ "ಮಾಡಿ ಕೊಟ್ರಾತು, ಎಲ್ಲಿ ಓಡಿಹೋಗತೈತಿ" ಎಂದೆ. ಊರಿಗೆಲ್ಲ ಪ್ರತಿ ಮಾಡಿಕೊಟ್ಟವನು ಆಕೆಗೆ ಮಾಡಿಕೊಡಲಿಲ್ಲ. ತಾಯಿ ನನ್ನ ಮನೆಯಲ್ಲಿದ್ದಳು, ಆಕೆಯ ದನಿಯೂ ನನ್ನ ಮನೆಯಲ್ಲೇ ಇರಲಿ ಎಂಬ ಸಣ್ಣತನ ಒಳಗಿತ್ತು. ಇದನ್ನು ಈಗ ಒಪ್ಪಿಕೊಳ್ಳುತ್ತಿದ್ದೇನೆ.

ತಾಯಿ ತೀರಿಕೊಂಡು ವರ್ಷ ತುಂಬಿದ ದಿನ, ಕಾರ್ಯ ಮುಗಿಸಿ ಊಟವಾದ ಮೇಲೆ ನೆಂಟರೆಲ್ಲ ಹಜಾರದಲ್ಲಿ ಕೂತಿದ್ದರು. ಹೆಂಗಸರು ಅವ್ವನ ಪದ ಹಾಕಿ ಎಂದರು. ಕಂಪ್ಯೂಟರಿನಲ್ಲಿ ಹಾಕಿದೆ. ಕೆಲವರು ಕಣ್ಣೊರೆಸಿಕೊಂಡರು. ನಡುವೆ ಯಾರೋ ಭಜನೆಯದು ಹಾಕು ಎಂದರು, ಅದನ್ನೂ ಹಾಕಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಅವ್ವನದೇ ಬೇಕು ಎಂದರು. ನೋಡಿದರೆ ಸಿಡಿಯ ಡಬ್ಬಿ ಖಾಲಿ. ಮೇಜಿನ ಕೆಳಗೆ, ಜಮಖಾನೆಯ ಅಡಿ, ಎಲ್ಲ ಡಬ್ಬಿಗಳಲ್ಲಿ ಹುಡುಕಿದೆ. ಇಲ್ಲ. ಕ್ಯಾಸೆಟ್ ಇಲ್ಲವೆಂಬುದು ನನಗೊಬ್ಬನಿಗೇ ಗೊತ್ತಿತ್ತು.

ಆಗಲೇ ತಮ್ಮನ ಹೆಂಡತಿ ಸಿರುಗುಪ್ಪದ ಬಸ್ಸಿಗೆ ಹೊತ್ತಾಯಿತೆಂದು ಕೈಚೀಲ ತೆಗೆದುಕೊಂಡು ಎದ್ದಳು. ನಾನು ನನ್ನ ಹೆಂಡತಿಯ ಕಡೆ ತಿರುಗಿದೆ.

"ಅಕಿಗೆ ಚೀಲ ತೋರ್ಸು ಅಂತ ಹೇಳು."

ಹೆಂಡತಿ ಬಾಯಿ ಬಿಡಲಿಲ್ಲ. ತಮ್ಮನ ಹೆಂಡತಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದಳು. ಯಾರೂ ಹೇಳುವುದು ಬೇಕಾಗಲಿಲ್ಲ. ಚೀಲವನ್ನು ಜಮಖಾನೆಯ ಮೇಲೆ ಬೋರಲು ಮಾಡಿದಳು. ಒಂದು ಸೀರೆ, ಕುಂಕುಮದ ಭರಣಿ, ನನ್ನ ಹೆಂಡತಿಯೇ ಕಟ್ಟಿಕೊಟ್ಟ ಹೋಳಿಗೆಯ ಪೊಟ್ಟಣ. ಅಷ್ಟೇ. ನಾನು ಅಲ್ಲಿಗೆ ಬಿಡಬಹುದಿತ್ತು.

"ಮೂರು ಸಲ ಕೇಳಿದ್ಳು. ಇವತ್ತ ಕೇಳದ ತಗಂಡಾಳ. ಯಾರ ಕೈಯಾಗೋ ಮೊದ್ಲ ಕಳಿಸ್ಯಾಳ" ಎಂದೆ.

ತಮ್ಮ ಎದ್ದು ನಿಂತ. "ಅಣ್ಣಾ, ಬಾಯಿಗೆ ಬಂದಂಗ ಮಾತಾಡಬ್ಯಾಡ."

"ತಗಂಡಿಲ್ಲಂದ್ರ ಕುರುಗೋಡಿನ್ಯಾಗ ಕರ್ಪೂರ ಆರಿಸ್ಲಿ. ನಾ ಒಪ್ಪತೀನಿ."

ಇಂಥ ಮಾತು ನೆಂಟರ ಎದುರು ಒಮ್ಮೆ ಬಿದ್ದರೆ ಹಿಂದಕ್ಕೆ ಹೋಗುವುದಿಲ್ಲ. ಮೊದಲು ಒಪ್ಪಿದ್ದು ತಮ್ಮನ ಹೆಂಡತಿಯೇ. ಗಂಡನಿಗೆ ಹೇಳಿದಳು: "ಆತು ಅನ್ರಿ. ಆರಿಸ್ತೀನಿ."

ಕುರುಗೋಡಿನ ಗುಡ್ಡದ ಬುಡದಲ್ಲಿ ತಾಯಿಯ ತವರಿನವರು ನಡೆದುಕೊಳ್ಳುವ ಒಂದು ಸಣ್ಣ ಗುಡಿ ಇದೆ. ಸೋಮವಾರ ಹೋದೆವು. ಕಳವಿನ ಮಾತು ಬಂದಾಗ ಅಲ್ಲಿ ಮಾಡುವುದು ಇಷ್ಟೇ: ಆಣೆ ಮಾಡುವವರು ತಲೆಗೆ ನೀರು ಹಾಕಿಕೊಂಡು ಒದ್ದೆ ಬಟ್ಟೆಯಲ್ಲೇ ಬರಬೇಕು. ವೀಳ್ಯದೆಲೆಯ ಮೇಲೆ ಕರ್ಪೂರ ಹಚ್ಚಿ ಇಡುತ್ತಾರೆ. ಬಲಗೈ ಊರಿ ಅದನ್ನು ಆರಿಸಿ, ತಾನು ತೆಗೆದುಕೊಂಡಿಲ್ಲ ಎನ್ನಬೇಕು. ಆದ ಮೇಲೆ ಆಣೆ ಹಾಕಿಸಿದವನು ತೆಂಗಿನಕಾಯಿ ಒಡೆದು, ಒಂದು ಹೋಳನ್ನು ಆಣೆ ಮಾಡಿದವರ ಕೈಗೆ ಕೊಟ್ಟು, "ಇಲ್ಲಿಗೆ ಮುಗೀತು" ಎನ್ನಬೇಕು. ಆಮೇಲೆ ಆ ಮಾತು ಯಾರೂ ಎತ್ತುವಂತಿಲ್ಲ.

ತಮ್ಮನ ಹೆಂಡತಿ ಕೈ ಊರಿದಳು. ತಕ್ಷಣ ತೆಗೆಯಲಿಲ್ಲ. ದೇವರ ಕಡೆ ನೋಡಿ, ಸಣ್ಣ ದನಿಯಲ್ಲಿ, "ನಾ ತಗಂಡಿಲ್ಲ. ತಗಂಡಿದ್ರ ನನ್ನ ಮನಿಗೆ ತಟ್ಲಿ" ಎಂದಳು. ಅಂಗೈ ಕಪ್ಪಾಗಿತ್ತು.

ನನ್ನ ಕೈಯಲ್ಲಿ ತೆಂಗಿನಕಾಯಿ ಇತ್ತು. ಒಡೆಯಲಿಲ್ಲ. ಪೂಜಾರಿಯ ಮುಂದೆ ಹಾಗೇ ಇಟ್ಟು ಬಸ್ ಸ್ಟ್ಯಾಂಡಿಗೆ ನಡೆದೆ.

ಮೂರು ತಿಂಗಳಾಗಿರಲಿಲ್ಲ, ಗಿರಣಿಯಲ್ಲಿ ಮಷಿನ್ ನೋಡಿಕೊಳ್ಳುತ್ತಿದ್ದ ತಮ್ಮನ ಬಲಗೈ ಪಟ್ಟಿಗೆ ಸಿಕ್ಕಿ ಎರಡು ಬೆರಳು ಹೋದವು. ಆಸ್ಪತ್ರೆಯ ವರಾಂಡದಲ್ಲೇ ಯಾರೋ ಅಂದರು: ಆಣೆ ತಟ್ಟಿತು. ಆ ಮಾತು ಕುರುಗೋಡಿಗೆ ಹೋಯಿತು, ಸಿರುಗುಪ್ಪದಲ್ಲಿ ಓಣಿ ಓಣಿ ತಿರುಗಿತು. ತಾಯಿ ಹೋದ ಮೇಲೆ ಸುರಗಿಗೆ ಹಾಡಲು ಆಕೆಯನ್ನೇ ಕರೆಯುತ್ತಿದ್ದರು. ಆ ವರ್ಷದಿಂದ ಕರೆಯುವುದು ನಿಂತಿತು. ಆಣೆ ತಟ್ಟಿದವಳ ದನಿ ಮದುವೆ ಮನೆಯಲ್ಲಿ ಬೇಡ ಅಂದರಂತೆ. ಆಮೇಲೆ ಆಕೆ ಮನೆಯಲ್ಲೂ ಹಾಡುವುದನ್ನು ಬಿಟ್ಟಳು. ಇದೆಲ್ಲ ನನಗೆ ತಿಳಿಯುತ್ತಿತ್ತು. ನಾನು ಸುಮ್ಮನಿದ್ದೆ. ಸುಮ್ಮನಿದ್ದೆ ಎನ್ನುವುದೂ ಪೂರ್ತಿ ನಿಜವಲ್ಲ. ನಾನು ಅಂದದ್ದು ಸುಳ್ಳಾಗಲಿಲ್ಲವಲ್ಲ ಎಂಬ ಒಂದು ನೆಮ್ಮದಿ ಇತ್ತು. ತಮ್ಮನ ಬೆರಳು ಹೋದದ್ದರಲ್ಲಿ ನನಗೆ ನೆಮ್ಮದಿ ಸಿಕ್ಕಿತು. ಈ ಸಾಲು ಬರೆಯಲು ಎರಡು ದಿನ ಹಿಡಿಯಿತು.

ಹೀಗೆ ಹದಿಮೂರು ವರ್ಷ ಕಳೆದವು.

ಬೇಸಿಗೆಯಲ್ಲಿ ನಮ್ಮ ಹಜಾರದಲ್ಲಿ ಏರ್ ಕೂಲರ್ ಓಡುತ್ತದೆ. ಅದರ ಒದ್ದೆ ಗಾಳಿ ನೇರ ಕಂಪ್ಯೂಟರಿಗೆ ಬಡಿಯುತ್ತಿತ್ತು. ಕ್ಯಾಬಿನೆಟ್ಟಿನ ತಳ ತುಕ್ಕು ತಿಂದು ಹಪ್ಪಳವಾಗಿತ್ತು. ಆನ್ ಮಾಡುವ ಗುಂಡಿ ಒಳಗೆ ಬಿದ್ದುಹೋಗಿ, ಬೆಂಕಿಕಡ್ಡಿ ತೂರಿಸಿ ಒತ್ತುತ್ತಿದ್ದೆ. ಸಿಡಿಗಳಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ಪೆನ್ ಡ್ರೈವಿಗೆ ಹಾಕಿ, ಬೇಕಾದವರಿಗೆ ಕೊಡಬೇಕೆಂದು ಹೊರಟೆ. ಹಳೆಯ ಸಿಡಿಗಳು ಬೆಳ್ಳಿಬಣ್ಣ ಬಿಡುತ್ತಿದ್ದವು. ಮೂರನೆಯ ದಿನ ಕ್ಯಾಬಿನೆಟ್ ಕುಸಿದು ಒಂದು ಮಗ್ಗುಲಿಗೆ ವಾಲಿತು. ಆಟೋದಲ್ಲಿ ಇಟ್ಟುಕೊಂಡು ಬ್ರೂಸ್‌ಪೇಟೆಗೆ ಹೋದೆ. ಅಲ್ಲಿ ರಿಪೇರಿ ಮಾಡುವವನು ನನ್ನ ಅಂಗಡಿಯ ಕಾಲದಿಂದಲೂ ಗುರುತಿನವನು.

"ಏನ್ ಸಾವ್ಕಾರ್ರ, ಇದು ಕಂಪ್ಯೂಟರೋ, ಜೋಳದ ಡಬ್ಬಿನೋ?"

"ಓಡತೈತಲ್ಲಪಾ ಇನ್ನಾ."

"ಓಡೋದು ಒಳಗಿನ ಸಾಮಾನು. ಡಬ್ಬಿ ಸತ್ತು ಜಮಾನಾ ಆತು. ಹೊಸದಕ್ಕ ಹಾಕಿಬಿಡ್ತೀನಿ, ಕುಂದುರ್ರಿ."

ಅವನು ಒಂದೊಂದೇ ತಿರುಪು ಬಿಚ್ಚಿ ಒಳಗಿನದನ್ನೆಲ್ಲ ಪತ್ರಿಕೆಯ ಮೇಲೆ ಸಾಲಾಗಿ ಇಟ್ಟ. ಕೊನೆಗೆ ಮುಂದಿನ ಪ್ಲಾಸ್ಟಿಕ್ ಮುಖವನ್ನು ಎಳೆದು ಕಿತ್ತ. ಪ್ಲಾಸ್ಟಿಕ್ಕಿಗೂ ತಗಡಿಗೂ ನಡುವಿನ ಸಂದಿನಿಂದ ಕೆಂಪು ಧೂಳು ಸುರಿಯಿತು. ಆ ಧೂಳಿನೊಂದಿಗೆ ಒಂದು ಸಿಡಿ ಜಾರಿ ಅವನ ಮೊಣಕಾಲ ಮೇಲೆ ಬಿತ್ತು.

"ಅರೆ, ತಿಜೋರಿ ಮಾಡಿಟ್ಟೀರಲ್ರಿ" ಎಂದು ನಕ್ಕು, ಅಂಗಿಯ ತುದಿಯಿಂದ ಒರೆಸಿ ನನ್ನ ಕೈಗೆ ಕೊಟ್ಟ.

'ಅವ್ವ' ಎಂದಿತ್ತು. ಕೈಬರಹ ನನ್ನದು.

ಹೇಗೆ ಎಂದು ಯೋಚಿಸಬೇಕಾಗಲಿಲ್ಲ. ಸಿಡಿ ಡ್ರೈವಿನ ಕೆಳಗಿನ ಖಾನೆಗೆ ಮುಚ್ಚಳ ಇರಲಿಲ್ಲ, ಬೆರಳು ಹೋಗುವಷ್ಟು ಸಂದಿ ಇತ್ತು. ಒಂದು ಕೈಯಲ್ಲಿ ಹೊಸ ಸಿಡಿ ಇದ್ದಾಗ, ತೆಗೆದದ್ದನ್ನು ಆ ಸಂದಿಗೆ ಅರ್ಧ ಸಿಗಿಸಿಡುವುದು ನನ್ನ ಅಭ್ಯಾಸ. ಅಂಗಡಿಯಲ್ಲಿ ಗಿರಾಕಿಗಳ ಗಡಿಬಿಡಿಯಲ್ಲಿ ಕಲಿತದ್ದು. ಅಂದು ಭಜನೆಯ ಸಿಡಿ ಹಾಕುವಾಗಲೂ ಹಾಗೇ ಮಾಡಿದ್ದೇನೆ. ಅದು ಒಳಕ್ಕೆ ಜಾರಿ, ಮುಂದಿನ ಮುಖದ ಹಿಂದೆ ಇಳಿದಿದೆ. ಅಂದು ಆಕೆ ಚೀಲ ಸುರಿದದ್ದು ಈ ಕಂಪ್ಯೂಟರಿನಿಂದ ಎರಡು ಮಾರು ದೂರದಲ್ಲಿ.

"ಯಾರದ್ರಿ?" ಎಂದ ರಿಪೇರಿಯವನು.

"ಯಾವುದೋ ಹಳೇದು" ಎಂದು ಅಂಗಿಯ ಒಳಗೆ ಇಟ್ಟುಕೊಂಡೆ.

ಮನೆಗೆ ಬಂದು ಹೊಸ ಕ್ಯಾಬಿನೆಟ್ ಜೋಡಿಸಿ ಉಳಿದ ಸಿಡಿಗಳನ್ನೆಲ್ಲ ಇಳಿಸುತ್ತ ಕೂತೆ. ಹಳೇ ಧೋತರದ ಚೂರಿನಿಂದ ನಡುವಿನಿಂದ ಅಂಚಿಗೆ ಒರೆಸುವುದು, ಹಾಕುವುದು, ಕಾಯುವುದು, ಹೆಸರು ಟೈಪ್ ಮಾಡುವುದು. ಗೀರು ಬಿದ್ದ ಸಿಡಿ ಒಳಗೆ ಕಿರ್ರೆನ್ನುತ್ತಿತ್ತು. ಕಾಲು ಗಂಟೆಯಲ್ಲಿ ಆಗುವುದಕ್ಕೆ ಕೆಲವೊಮ್ಮೆ ಅರ್ಧ ದಿನ. ಯಾರಿಗೂ ಬೇಡವಾದ ಬ್ಯಾಂಡಿನ ಸಿಡಿಗಳನ್ನೂ ಬಿಡದೆ ಇಳಿಸಿದೆ. ತಾಯಿಯದನ್ನು ಕೊನೆಗೆ ಇಟ್ಟುಕೊಂಡೆ. ಮೂರು ವಾರ ಹೀಗೆ ಹೋಯಿತು. ಶ್ರದ್ಧೆ ಎಂದು ಹೆಂಡತಿ ತಿಳಿದಳು. ಅದು ಹೆದರಿಕೆ.

ಬೇರೆ ಯಾವ ಸಿಡಿಯೂ ಉಳಿಯದ ದಿನ ಅದನ್ನು ಹಾಕಿದೆ. ಮೊದಲ ಎರಡು ಹಾಡುಗಳನ್ನು ಕಂಪ್ಯೂಟರ್ ಓದಲಿಲ್ಲ. ಮೂರನೆಯದು ಸರಿಯಾಗಿ ಬಂತು. ಬೀಸುವ ಕಲ್ಲಿನ ಸದ್ದು, ತಾಯಿ ಎತ್ತಿದ ಸಾಲು, ಅದನ್ನು ಹಿಡಿದ ತೆಳುವಾದ ದನಿ. ನಡುವೆ ತಾಯಿಗೆ ಕೆಮ್ಮು. "ಅತ್ತಿ, ಉಸುರು ತಗಳ್ರಿ, ಪದ ಎಲ್ಲಿಗೂ ಹೋಗಂಗಿಲ್ಲ" ಎಂದು ನಗು.

ಹೆಂಡತಿ ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಸಿಡಿ ಎಲ್ಲಿತ್ತೆಂದು ಹೇಳಿದೆ. ಅಂದು ನಿನ್ನನ್ನು ನಡುವೆ ನಿಲ್ಲಿಸಿದ್ದು ತಪ್ಪು ಎಂದೂ ಹೇಳಿದೆ.

"ನನಗ ಹೇಳಿದ್ರ ಏನ್ ಬಂತು? ನಾ ಏನ್ ಕರ್ಪೂರ ಆರಿಸಿದ್ನಾ?"

ಮರುದಿನ ಪೆನ್ ಡ್ರೈವನ್ನು ಜೇಬಿನಲ್ಲಿಟ್ಟು, ಚೀಲದಲ್ಲಿ ಒಂದು ತೆಂಗಿನಕಾಯಿ ಹಾಕಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ಆಕೆಯನ್ನು ಏನೆಂದು ಕರೆಯಬೇಕು ಎಂಬಲ್ಲೇ ಪ್ರತಿ ಸಲ ನಿಲ್ಲುತ್ತಿದ್ದೆ. ಒಮ್ಮೆಯೂ ಕರೆದಿರಲಿಲ್ಲವಲ್ಲ.

ತಮ್ಮ ಪಡಸಾಲೆಯಲ್ಲಿ ಕೂತಿದ್ದ. ಅವನಿಗೆ ಎಲ್ಲ ಹೇಳಿದೆ. ತಪ್ಪಾತು, ಕ್ಷಮಿಸು ಎಂದೆ. ಅವನು ತನ್ನ ಮೂರು ಬೆರಳಿನ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದನ್ನೇ ನೋಡುತ್ತಿದ್ದ.

"ಅಕಿ ಸುಳ್ಳಾಣಿ ಮಾಡಿದ್ಕ ನನ್ನ ಕೈ ಹೋತೇನೋ ಅಂತ, ಒಂದೊಂದು ಸಲ ನಾನೂ ಅನ್ಕಂಡೀನಿ ಅಣ್ಣಾ. ಬಾಯಿಲೆ ಅಂದಿಲ್ಲ. ಅಕಿಗೆ ಗೊತ್ತಾಗೈತಿ."

ನಾನು ಚೀಲವನ್ನು ಕಾಲ ಹತ್ತಿರ ಎಳೆದುಕೊಂಡೆ.

"ನನ್ನ ಲೆಕ್ಕ ನಾನು ಅಕಿ ಹತ್ರ ಮುಗಿಸ್ಕಂತೀನಿ. ನಿಂದು ನೀನ ಹೇಳು. ಈ ಸಲ ನಾ ನಡುವ ಬರಂಗಿಲ್ಲ" ಎಂದು ಎದ್ದು ಅಂಗಳಕ್ಕೆ ಹೋದ.

ತಮ್ಮನ ಹೆಂಡತಿ ಚಹಾ ತಂದಳು. ಕೂದಲು ಬಹಳ ನೆರೆತಿದೆ. ಲೋಟವನ್ನು ನನ್ನ ಪಕ್ಕ ಇಟ್ಟು ಒಳಗೆ ಹೋಗದೆ ಕಂಬದ ಹತ್ತಿರ ನಿಂತಳು. ನಾವಿಬ್ಬರೇ ಇದ್ದೆವು. ಆಗ ಆಕೆ, ಮೂವತ್ತು ವರ್ಷದಲ್ಲಿ ಮೊದಲ ಸಲ, ನನ್ನೊಂದಿಗೆ ನೇರವಾಗಿ ಮಾತಾಡಿದಳು.

"ಅತ್ತಿ ಪದ ಸಿಕ್ಕಾವಂತಲ್ರಿ."

ಪೆನ್ ಡ್ರೈವನ್ನು ಜಗುಲಿಯ ಮೇಲೆ ಇಟ್ಟೆ.

"ಎಲ್ಲಿದ್ದುವ್ರಿ?"

"ಕಂಪ್ಯೂಟರಿನ ಡಬ್ಬ್ಯಾಗ" ಎಂದೆ. ಅದೂ ಆಕೆಗಲ್ಲ, ಚಹಾದ ಲೋಟಕ್ಕೆ.

"ನಿಮ್ಮ ಮನ್ಯಾಗ."

"ಹೂಂ."

ಆಕೆ ಬಲಗೈಯನ್ನು ಸೆರಗಿನಲ್ಲಿ ಒರೆಸಿಕೊಂಡಳು. ಕೈಯಲ್ಲಿ ಒದ್ದೆ ಏನೂ ಇರಲಿಲ್ಲ. ನಾನು ಇನ್ನೂ ಏನೋ ಹೇಳುತ್ತೇನೆಂದು ಕಾದಳು. ಸುಮಾರು ಹೊತ್ತೇ ಕಾದಳು. ತಂಗಿ ಎನ್ನಬಹುದಿತ್ತು, ಅವ್ವಾ ಎನ್ನಬಹುದಿತ್ತು. ಏನೂ ಅನ್ನದೆ ನೇರವಾಗಿ ಎರಡು ಮಾತು ಹೇಳಿದ್ದರೂ ಆಗುತ್ತಿತ್ತು. ಚೀಲದಲ್ಲಿ ಕಾಯಿ ಇತ್ತು, ಚೀಲ ನನ್ನ ಕಾಲ ಹತ್ತಿರವೇ ಇತ್ತು. ನಾನು ಅಂಗಳದ ಕಡೆ ತಿರುಗಿ ಗಟ್ಟಿಯಾಗಿ ತಮ್ಮನಿಗೆ, "ಚಾ ಚಲೋ ಆಗೈತಿ ಅಂತ ಹೇಳಪಾ" ಎಂದೆ.

ತಮ್ಮ ತಿರುಗಿ ನೋಡಲಿಲ್ಲ. ಆಕೆ ಲೋಟ ಖಾಲಿಯಾಗುವುದನ್ನು ಕಾಯದೆ ಒಳಗೆ ಹೋದಳು.

ಮನೆಗೆ ಬಂದಾಗ ಹೆಂಡತಿ ಚೀಲ ಬಿಚ್ಚಿದಳು. ಕಾಯಿಯನ್ನು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ನೋಡಿದಳು. "ಇದನ್ನ ಏನ್ ಮಾಡ್ಲಿ, ಚಟ್ನಿ ಅರೀಲಾ?" ಎಂದಳು. ಅರೆಯಲಿಲ್ಲ. ದೇವರ ಮುಂದೆ ಇಟ್ಟಿದ್ದಾಳೆ. ದಿನಾ ಸ್ನಾನ ಮಾಡಿ ಕೈ ಮುಗಿಯುವಾಗ ಅದು ನನ್ನ ಎದುರಿಗೇ ಇರುತ್ತದೆ. ಆಗಾಗ ಎತ್ತಿ ಅಲುಗಾಡಿಸುತ್ತೇನೆ. ಒಳಗೆ ನೀರಿನ ಸದ್ದು ಕಡಿಮೆಯಾಗುತ್ತಿದೆ.

ತಮ್ಮ ಫೋನ್ ಮಾಡಿದ್ದ. ಪೆನ್ ಡ್ರೈವನ್ನು ಟಿವಿಗೆ ಹಾಕಿಕೊಂಡು ಕೇಳುತ್ತಾಳಂತೆ. ಅತ್ತೆ ಸಾಲು ಎತ್ತುವ ತನಕ ಕೂತಿರುತ್ತಾಳೆ. ತನ್ನ ದನಿ ಬರುವ ಹೊತ್ತಿಗೆ ಎದ್ದು ಹೋಗುತ್ತಾಳೆ. ಓಣಿಯವರಿಗೆ ನಿಜ ಹೇಳಿದೆಯಾ ಎಂದು ಕೇಳಿದೆ. ಆಣೆ ಹಾಕಿಸಿದವರು ಹೇಳಿದರೆ ನಂಬುತ್ತಾರೆ, ಗಂಡ ಹೇಳಿದರೆ ಯಾರು ನಂಬುತ್ತಾರೆ ಎಂದ.

ಅದಕ್ಕೇ ಇದನ್ನು ಬರೆದಿದ್ದೇನೆ. ಕುರುಗೋಡಿನವರು ಓದಲಿ, ಸಿರುಗುಪ್ಪದವರು ಓದಲಿ: ಸಿಡಿ ನನ್ನ ಕಂಪ್ಯೂಟರಿನೊಳಗೇ ಇತ್ತು, ಅಲ್ಲಿಗೆ ಹಾಕಿದ್ದು ನನ್ನ ಕೈ, ಆಕೆ ಆರಿಸಿದ ಕರ್ಪೂರ ನಿಜದ್ದು. ಆದರೆ ಬರೆಯುವುದೂ ಬೆಕ್ಕಿನ ಕಡೆ ತಿರುಗಿ ಮಾತಾಡಿದ ಹಾಗೇ ಎಂದು ನನಗೆ ಗೊತ್ತಿದೆ. ತಮ್ಮನ ಕ್ಷಮೆ ಕೇಳಿದ್ದಾಯಿತು, ಹೆಂಡತಿಗೂ ಹೇಳಿಯಾಯಿತು. ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ಕಾದರೂ ನಾನು ಕ್ಷಮೆ ಕೇಳದೆ ಬಂದದ್ದು, ನನ್ನ ತಾಯಿಯ ಸಾಲನ್ನು ಹಿಡಿದು ಮುಗಿಸುತ್ತಿದ್ದವಳಲ್ಲಿ, ನನ್ನ ತಮ್ಮನ ಹೆಂಡತಿಯಲ್ಲಿ.